ಒಬ್ಬಳೇ ಹೋಗಿ ಬಂದರೆ ಏನಂತೆ?



ನಮ್ಮ ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಗೆ ಹೊರಡುವುದೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಮಗಳ ಬಾಣಂತನಕ್ಕೆ ಹೋಗುತ್ತೇವೆ. ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗುತ್ತೇವೆ. ಮಾವನವರಿಗೆ ಕಣ್ಣಿನ ಆಪರೇಷನ್ ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುತ್ತೇವೆ. ಹರಕೆ ಇದ್ದರೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುತ್ತೇವೆ. ಆದರೆ ಸ್ವಲ್ಪ ಯೋಚಿಸಿ ನೋಡಿ, ಇಷ್ಟೆಲ್ಲಾ ಓಡಾಟದಲ್ಲಿ ನಿಮಗೋಸ್ಕರ ಅಂತ ಹೋದದ್ದು ಯಾವುದು? ಹೋದಲ್ಲೂ ಅಡುಗೆಮನೆ, ಅಲ್ಲೂ ಯಾರದೋ ಮಾತ್ರೆಯ ಹೊತ್ತು, ಅಲ್ಲೂ "ಕಾಫಿ ಆಯ್ತಾ?" ಅನ್ನುವ ಕೂಗು. ಊರು ಬದಲಾಗುತ್ತದೆ, ಕೆಲಸ ಬದಲಾಗುವುದಿಲ್ಲ.

ಓದುಗ ಸೋದರಿಯರ ಪತ್ರಗಳಲ್ಲಿ ಉಪ್ಪಿನಕಾಯಿ ಯಾಕೆ ಬೂಸಲು ಬಂತು, ಮಗ ಯಾಕೆ ಓದುವುದಿಲ್ಲ ಅನ್ನುವ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. "ಎರಡು ದಿನ ಒಬ್ಬಳೇ ಎಲ್ಲಿಗಾದರೂ ಹೋಗಿ ಸುಮ್ಮನೆ ಇದ್ದು ಬರೋಣ ಅನ್ನಿಸುತ್ತೆ. ಹೀಗೆ ಅನ್ನಿಸೋದು ತಪ್ಪಾ?"

ತಪ್ಪಲ್ಲ. ಸಂಸಾರದ ಮೇಲೆ ಬೇಸರ ಬಂದವರಿಗೆ ಮಾತ್ರ ಹೀಗೆ ಅನ್ನಿಸುತ್ತದೆ ಅಂತಲೂ ತಿಳಿಯಬೇಡಿ. ಚೆನ್ನಾಗಿ ಸಂಸಾರ ಮಾಡುವವರಿಗೂ ಅನ್ನಿಸುತ್ತದೆ. ದಿನವೂ ಉರಿಯುವ ಒಲೆಯನ್ನೂ ರಾತ್ರಿ ಆರಿಸಿ, ಒರೆಸಿ ಇಡುತ್ತೇವಲ್ಲ, ಹಾಗೆ.

"ಅಲ್ಲಿ ಯಾರಿದ್ದಾರೆ?"

ಮನೆಯಲ್ಲಿ ವಿಷಯ ಎತ್ತಿದ ಕೂಡಲೆ ಮೊದಲು ಬರುವ ಪ್ರಶ್ನೆ ದುಡ್ಡಿನದಲ್ಲ, "ಅಲ್ಲಿ ಯಾರಿದ್ದಾರೆ?" ಅನ್ನುವುದು. ಹೆಂಗಸು ಒಂದು ಊರಿಗೆ ಹೋಗಬೇಕಾದರೆ ಅಲ್ಲಿ ಅಣ್ಣನೋ ಚಿಕ್ಕಮ್ಮನೋ ಇರಲೇಬೇಕು ಅನ್ನುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. "ಯಾರೂ ಇಲ್ಲ, ಅದಕ್ಕೇ ಹೋಗ್ತಿರೋದು" ಅಂದರೆ ಮನೆಯವರು ಗಾಬರಿಯಾದಾರು! ಆದ್ದರಿಂದ ಒಮ್ಮೆಲೇ ಬಾಂಬು ಹಾಕಬೇಡಿ. ಸುಳ್ಳು ನೆಪವನ್ನೂ ಹುಡುಕಬೇಡಿ. "ಗೆಳತಿಗೆ ಹುಷಾರಿಲ್ಲ" ಅಂತ ಹೇಳಿ ಹೋದರೆ ಎರಡು ದಿನವೂ ಆ ಸುಳ್ಳನ್ನೇ ಕಾಯುತ್ತಾ ಕೂರಬೇಕಾಗುತ್ತದೆ, ಮತ್ತೆ ನೆಮ್ಮದಿ ಎಲ್ಲಿ?

ರಾತ್ರಿ ಊಟವಾಗಿ ಎಲ್ಲರೂ ಸಮಾಧಾನವಾಗಿರುವ ಹೊತ್ತು ನೋಡಿ, "ಏನ್ರೀ, ಮುಂದಿನ ತಿಂಗಳು ಎರಡು ದಿನ ಮೈಸೂರಿಗೆ ಹೋಗಿ ಬರ್ತೀನಿ. ಒಬ್ಬಳೇ" ಅಂತ ನೇರವಾಗಿ ಹೇಳಿ. "ಹೋಗಲಾ?" ಅಂತ ಕೇಳುವುದಕ್ಕೂ "ಹೋಗಿ ಬರ್ತೀನಿ" ಅಂತ ಹೇಳುವುದಕ್ಕೂ ವ್ಯತ್ಯಾಸವಿದೆ. ಯಾವ ದಿನ, ಯಾವ ಬಸ್ಸು, ಎಲ್ಲಿ ಉಳಿಯುವುದು, ಎಷ್ಟು ಹೊತ್ತಿಗೆ ಫೋನು ಮಾಡುವುದು, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು ಕೊಡಿ. ಮನೆಯವರ ಹೆದರಿಕೆಯ ಅರ್ಧ ಭಾಗ ಗೊತ್ತಿಲ್ಲದಿರುವುದರಿಂದ ಬರುವಂಥದ್ದು. ಅತ್ತೆಯವರಿಗೂ ನೀವೇ ಹೇಳಿ, ಬೇರೆಯವರ ಬಾಯಿಂದ ತಿಳಿಯುವುದು ಬೇಡ. "ನನ್ನನ್ನು ಯಾರು ಕಳಿಸಿದ್ರು ಆ ಕಾಲದಲ್ಲಿ!" ಅಂತ ಅವರು ಅಂದರೆ ಅದನ್ನು ಬೈಗುಳ ಅಂದುಕೊಳ್ಳಬೇಡಿ. ಅದರೊಳಗೆ ಅವರ ಆಸೆಯೂ ಇರಬಹುದು.

ಎಂಥ ಊರು ಆರಿಸಬೇಕು?

ಮೊದಲ ಸಲಕ್ಕೆ ದೂರದ ಊರು ಬೇಡ, ಗಲಾಟೆಯ ಊರು ಬೇಡ. ತೀರಾ ನಿರ್ಜನವಾದ ಗುಡ್ಡಗಾಡೂ ಬೇಡ. ಎಷ್ಟೋ ಜನ "ಪ್ರಶಾಂತ ಸ್ಥಳ" ಅಂದರೆ ಜನರೇ ಇಲ್ಲದ ಜಾಗ ಅಂತ ತಿಳಿಯುತ್ತಾರೆ. ಒಬ್ಬಳೇ ಹೋಗುವ ಹೆಂಗಸಿಗೆ ಜನ ಇರಬೇಕು, ಆದರೆ ಆ ಜನಕ್ಕೆ ಅವಸರ ಇರಬಾರದು. ನಾಲ್ಕು ಸಂಗತಿ ನೋಡಿಕೊಳ್ಳಿ. ಹಗಲಿನಲ್ಲೇ ಹೋಗಿ ತಲುಪುವಷ್ಟು ಹತ್ತಿರವಿರಬೇಕು. ನೋಡುವ ಜಾಗಗಳಿಗೆ ನಡೆದೋ ಸಿಟಿ ಬಸ್ಸಿನಲ್ಲೋ ಹೋಗುವಂತಿರಬೇಕು. ದುಡ್ಡು ಕೊಡದೆ ಕೂರಲು ಕೆರೆದಂಡೆಯೋ ದೇವಸ್ಥಾನದ ಕಟ್ಟೆಯೋ ಪಾರ್ಕೋ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆಂಗಸೊಬ್ಬಳು ಸುಮ್ಮನೆ ಕೂತಿದ್ದರೆ "ಯಾರಿಗೋಸ್ಕರ ಕಾಯ್ತಿದೀರಮ್ಮಾ?" ಅಂತ ಯಾರೂ ಕೇಳದಂಥ ಊರಾಗಿರಬೇಕು.

ಈ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಮೊದಲ ಹೆಸರು ಮೈಸೂರು.

ಮೈಸೂರಿನಲ್ಲಿ ಎರಡು ದಿನ

ಮೈಸೂರಿನಲ್ಲಿ 1881ರಲ್ಲೇ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಹೆಣ್ಣುಮಕ್ಕಳು ಪುಸ್ತಕ ಹಿಡಿದು ರಸ್ತೆಯಲ್ಲಿ ನಡೆಯುವುದನ್ನು ಆ ಊರು ನೂರನಲವತ್ತು ವರ್ಷದಿಂದ ನೋಡಿಕೊಂಡು ಬಂದಿದೆ. ಅಲ್ಲಿನ ನಿರಾಳಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಮೊದಲ ದಿನ ಅರಮನೆ. ಮಕ್ಕಳ ಕೈ ಹಿಡಿದು, "ಓಡಬೇಡ", "ಮುಟ್ಟಬೇಡ" ಅಂತ ಹೇಳುತ್ತಾ ನೀವು ಹಿಂದೆ ನೋಡಿದ್ದೀರಿ, ಗೊತ್ತು. ಈ ಸಲ ನಿಧಾನವಾಗಿ ನೋಡಿ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ, ಬೆಂಕಿಗೆ ಸಿಕ್ಕಿತು. ಆಗ ರಾಜ್ಯದ ಆಡಳಿತ ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. 1894ರ ಕೊನೆಯಲ್ಲಿ ಪತಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ, ಮಗ ಕೃಷ್ಣರಾಜರಿಗೆ ಹತ್ತು ವರ್ಷ. 1902ರಲ್ಲಿ ಮಗನಿಗೆ ಅಧಿಕಾರ ಒಪ್ಪಿಸುವವರೆಗೆ ರಾಜ್ಯವನ್ನು ನೋಡಿಕೊಂಡವರು ಅವರೇ. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದ್ದೂ ಅವರ ಕಾಲದಲ್ಲೇ. 1912ರಲ್ಲಿ ಅದು ಮುಗಿಯಿತು. ಕಲ್ಯಾಣ ಮಂಟಪದಲ್ಲಿ ನಿಂತು ಇದನ್ನು ನೆನಪಿಸಿಕೊಂಡರೆ ಅರಮನೆ ಬೇರೆಯಾಗಿಯೇ ಕಾಣುತ್ತದೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳಕ್ಕೆ ಒಂದು ಲಕ್ಷದ ಹತ್ತಿರದಷ್ಟು ದೀಪಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಶನಿವಾರ ಹೊರಟು ಸೋಮವಾರ ಮರಳುವ ಹಾಗೆ ಲೆಕ್ಕ ಹಾಕಿ. ದೀಪ ನೋಡಲು ಸಂಸಾರಸ್ಥರ ಗುಂಪೇ ಸೇರಿರುತ್ತದೆ, ಹೆದರಿಕೆಯಿಲ್ಲ.

ಜಗನ್ಮೋಹನ ಅರಮನೆಯ ಚಿತ್ರಶಾಲೆಗೂ ಹೋಗಿ. ರವಿವರ್ಮನ ಚಿತ್ರಗಳ ಜೊತೆಗೆ, ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಪ್ರಸಿದ್ಧ ಚಿತ್ರ ಅಲ್ಲಿದೆ. ಅದನ್ನು ಬರೆದವರು ಎಸ್.ಎಲ್. ಹಳದನ್‌ಕರ್. ದೀಪ ಹಿಡಿದು ಅವರ ಮುಂದೆ ನಿಂತವಳು ಅವರ ಮಗಳೇ. ಬೆಳಕು ಬೆರಳಿನ ಸಂದಿಯಿಂದ ಹೊರಗೆ ಬರುವುದನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ನಿಲ್ಲಿ. "ಬಾ ಬಾ, ಬಸ್ಸು ಹೊರಡುತ್ತೆ" ಅನ್ನುವವರು ಯಾರೂ ಇಲ್ಲ!

ಎರಡನೆಯ ದಿನ ಬೆಳಿಗ್ಗೆ ಬೇಗ ಎದ್ದು ಕುಕ್ಕರಹಳ್ಳಿ ಕೆರೆಗೆ ಹೋಗಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕೆರೆ ಇದು. ಸುತ್ತ ಮರದ ನೆರಳಿನ ದಾರಿ. ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಾಲಿಗೆ ಬೂಟು ಹಾಕಿಕೊಂಡು ನಡೆಯುವ ನಮ್ಮ ವಯಸ್ಸಿನ ಹೆಂಗಸರು ಬೇಕಾದಷ್ಟು ಸಿಗುತ್ತಾರೆ. ಅರ್ಧ ಸುತ್ತು ನಡೆದು ಬೆಂಚಿನ ಮೇಲೆ ಕೂತು ಹಕ್ಕಿ ನೋಡಿ. ಆಮೇಲೆ ದೇವರಾಜ ಮಾರುಕಟ್ಟೆ. ಕೊಳ್ಳುವುದು ಬೇಡ, ನೋಡಿದರೆ ಸಾಕು. ಹೂವಿನ ಸಾಲು, ಬಾಳೆಹಣ್ಣಿನ ಸಾಲು, ಕುಂಕುಮದ ಗೋಪುರಗಳು, ಮೈಸೂರು ವೀಳ್ಯದೆಲೆ. ನಿಮ್ಮ ಮುಡಿಗೆ ಒಂದು ಮೊಳ ಮಲ್ಲಿಗೆ ಮಾತ್ರ ತೆಗೆದುಕೊಳ್ಳಿ. ಮನೆಗೆ ಮೈಸೂರು ಪಾಕು ಬೇಕಾದರೆ ಮಾರುಕಟ್ಟೆಗೆ ಅಂಟಿಕೊಂಡ ಸಯ್ಯಾಜಿರಾವ್ ರಸ್ತೆಯಲ್ಲಿ, ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿಯಿದೆ.

ಮಧ್ಯಾಹ್ನ ಬಸ್ಸಿನಲ್ಲಿ ಚಾಮುಂಡಿ ಬೆಟ್ಟ. ಮೆಟ್ಟಿಲು ಸಾವಿರಕ್ಕೂ ಮೇಲಿವೆ. ಹತ್ತುವ ಆಸೆಯಿದ್ದರೆ ಬೆಳಿಗ್ಗೆ ಎಲ್ಲರೂ ಹತ್ತುವ ಹೊತ್ತಿನಲ್ಲೇ ಹತ್ತಿ. ಕತ್ತಲಾಗುವ ಹೊತ್ತಿಗೆ ಒಬ್ಬಳೇ ಇಳಿಯುವ ಸಾಹಸ ಬೇಡ. 1659ರಲ್ಲಿ ದೊಡ್ಡದೇವರಾಜ ಒಡೆಯರು ಕೆತ್ತಿಸಿದ ಏಕಶಿಲೆಯ ನಂದಿಯನ್ನು ನೋಡದೆ ಬರಬೇಡಿ. ಮೃಗಾಲಯ ಮಂಗಳವಾರ ರಜ, ನೆನಪಿರಲಿ. ದಸರಾ ದಿನಗಳಲ್ಲಿ ಮಾತ್ರ ಮೈಸೂರು ಬೇಡ. ಕೋಣೆಯೂ ಸಿಗದು, ನಿರಾಳವೂ ಸಿಗದು.

ಇನ್ನೊಂದು ಮಾತು. ಬೆಟ್ಟ ಹತ್ತುವುದಕ್ಕಿಂತ ಕಷ್ಟದ ಕೆಲಸ ಒಂದಿದೆ. ಹೋಟೆಲಿಗೆ ಒಬ್ಬಳೇ ಹೋಗಿ ಕೂತು "ಒಂದು ಮಸಾಲೆ ದೋಸೆ" ಅಂತ ಹೇಳುವುದು! ಮೊದಲ ಸಲ ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಯಾರೂ ನೋಡುತ್ತಿರುವುದಿಲ್ಲ, ಅವರವರ ಚಟ್ನಿ ಅವರಿಗೆ. ಮನೆಯಲ್ಲಿ ಎಲ್ಲರಿಗೂ ಬಿಸಿ ಬಿಸಿಯಾಗಿ ಹುಯ್ದು ಕೊಟ್ಟು, ಕೊನೆಯಲ್ಲಿ ಆರಿದ ದೋಸೆ ತಿನ್ನುವವರು ನಾವು. ಕಾವಲಿಯಿಂದ ನೇರವಾಗಿ ನಮ್ಮ ತಟ್ಟೆಗೆ ಬಂದ ದೋಸೆಯ ರುಚಿ ನೋಡುವುದಕ್ಕಾದರೂ ಒಮ್ಮೆ ಹೋಗಿ.

ಉತ್ತರದವರಿಗೆ ಧಾರವಾಡ, ಕರಾವಳಿಯವರಿಗೆ ಉಡುಪಿ

ಮೈಸೂರು ದೂರವಾಗುವ ಉತ್ತರ ಕರ್ನಾಟಕದ ಸೋದರಿಯರಿಗೆ ಧಾರವಾಡವಿದೆ. ಹುಬ್ಬಳ್ಳಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್, ಬಸ್ಸಿಗೆ ಬರವಿಲ್ಲ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ, ಮನೆಯೆದುರು ಕೆರೆ. ಮಲ್ಲಿಕಾರ್ಜುನ ಮನ್ಸೂರರ ಮನೆಯನ್ನೂ ಸ್ಮಾರಕವಾಗಿ ಉಳಿಸಿದ್ದಾರೆ. ಶಾಲ್ಮಲೆ ಹುಟ್ಟುವ ಸೋಮೇಶ್ವರ ಗುಡಿಯ ಆವರಣದಲ್ಲಿ ಅರ್ಧ ದಿನ ಕಳೆಯಬಹುದು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸಂಜೆ ಏನಾದರೂ ಭಾಷಣವೋ ಕಾರ್ಯಕ್ರಮವೋ ಇದ್ದರೆ ಹೋಗಿ ಕೂತುಬಿಡಿ. ಹಿಂದಿನ ಸಾಲಿನಲ್ಲಿ ಕೂತ ಹೆಣ್ಣುಮಗಳನ್ನು ಅಲ್ಲಿ ಯಾರೂ "ಎಲ್ಲಿಂದ ಬಂದ್ರಿ, ಯಾಕ ಬಂದ್ರಿ" ಅಂತ ಜಗ್ಗುವುದಿಲ್ಲ. ಬರುವಾಗ ಪೇಢೆ ತರುವುದನ್ನು ನಾನು ಹೇಳಬೇಕಾಗಿಲ್ಲ.

ಉಡುಪಿಯಲ್ಲಿ ರಥಬೀದಿಯೇ ಒಂದು ಊರು. ಕೃಷ್ಣಮಠ, ಸುತ್ತ ಅಷ್ಟಮಠಗಳು, ಕನಕನ ಕಿಂಡಿ, ಎಲ್ಲವೂ ನಡೆಯುವ ದೂರದಲ್ಲೇ. ಯಾತ್ರಿಕರ ಊರಾದ್ದರಿಂದ ಹೆಂಗಸೊಬ್ಬಳು ಕಂಡರೆ ಯಾರಿಗೂ ಆಶ್ಚರ್ಯವಿಲ್ಲ. ಮಧ್ಯಾಹ್ನ ಮಠದಲ್ಲಿ ಭೋಜನಪ್ರಸಾದವೂ ಉಂಟು. ಸಂಜೆ ಮಲ್ಪೆಯ ಕಡಲತೀರ ಹತ್ತಿರವೇ. ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ, ಕೂತು ನೋಡಿ ಬನ್ನಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಬರುವ ಪರ್ಯಾಯದ ಸಮಯದಲ್ಲಿ ನೂಕುನುಗ್ಗಲು ಜಾಸ್ತಿ, ಆಗ ಬಿಟ್ಟು ಬೇರೆ ದಿನ ನೋಡಿ.

ಇವೆರಡರಲ್ಲಿ ಧೈರ್ಯ ಬಂದ ಮೇಲೆ, ಮೂರನೆಯ ಸಲಕ್ಕೆ ರಾಜ್ಯದ ಆಚೆ ಪುದುಚೇರಿ ನೋಡಬಹುದು. ಸಂಜೆಯಾಗುತ್ತಲೇ ಅಲ್ಲಿನ ಕಡಲ ದಂಡೆಯ ರಸ್ತೆಗೆ ವಾಹನ ಬಿಡುವುದಿಲ್ಲ. ಇಡೀ ರಸ್ತೆ ನಡೆಯುವವರದೇ. ಅರವಿಂದಾಶ್ರಮದ ಅಂಗಳದ ಮೌನದಲ್ಲಿ ಎಷ್ಟು ಹೊತ್ತು ಕೂತರೂ ಯಾರೂ ಏಳಿಸುವುದಿಲ್ಲ. ಭಾಷೆ ತಮಿಳು, ಆದರೆ ಕೈಸನ್ನೆಗೆ ಭಾಷೆ ಎಲ್ಲಿದೆ?

ಹೋಗುವ ದಾರಿ, ಉಳಿಯುವ ಕೋಣೆ

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚೇ ಇಲ್ಲವಾಯಿತು. ಆಧಾರ್ ಕಾರ್ಡು ತೋರಿಸಿ, ಕಂಡಕ್ಟರ್ ಕೊಡುವ ಶೂನ್ಯ ಟಿಕೆಟನ್ನು ಇಳಿಯುವವರೆಗೂ ಜೋಪಾನವಾಗಿಟ್ಟುಕೊಳ್ಳಿ. ಸಾಮಾನ್ಯ, ವೇಗದೂತ, ಸಿಟಿ ಬಸ್ಸುಗಳಿಗೆ ಮಾತ್ರ ಇದು. ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಅನ್ವಯಿಸುವುದಿಲ್ಲ, ರಾಜ್ಯದ ಗಡಿ ದಾಟಿದ ಪ್ರಯಾಣಕ್ಕೂ ಇಲ್ಲ. ಬಸ್ಸಿನ ಖರ್ಚು ಉಳಿದರೆ ಕೋಣೆ ಮತ್ತು ಊಟದ ಖರ್ಚಿಗೆ ಸಾಸಿವೆ ಡಬ್ಬಿಯ ದುಡ್ಡು ಸಾಕಾದೀತು. ರೈಲಿನಲ್ಲಿ ತೊಂದರೆಯಾದರೆ 139ಕ್ಕೆ ಫೋನು ಮಾಡಬೇಕು. ಎಲ್ಲೇ ಆಗಲಿ ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಈ ಮೂರನ್ನೂ ಮೊಬೈಲಿನಲ್ಲಿ ಮಾತ್ರವಲ್ಲ, ಒಂದು ಚೀಟಿಯಲ್ಲೂ ಬರೆದು ಪರ್ಸಿನಲ್ಲಿಡಿ. ಮೊಬೈಲಿಗೆ ಚಾರ್ಜು ಮುಗಿದಾಗ ಚೀಟಿಯೇ ಗತಿ.

ಕೋಣೆಯನ್ನು ಮೊದಲೇ ಫೋನು ಮಾಡಿ ಗೊತ್ತುಮಾಡಿಕೊಳ್ಳಿ. "ಒಬ್ಬರೇ ಹೆಂಗಸರು ಬರುತ್ತಿದ್ದೇವೆ, ಕೊಡುತ್ತೀರಾ?" ಅಂತ ಕೇಳಿಯೇ ಬಿಡಿ. ಉತ್ತರ ಎಳೆದಾಡಿದರೆ ಆ ಜಾಗವೇ ಬೇಡ. ಮುಖ್ಯರಸ್ತೆಯ ಮೇಲಿನ, ಸಂಸಾರಸ್ಥರು ಬಂದು ಹೋಗುವ ವಸತಿಗೃಹ ವಾಸಿ. ನೆಲಮಹಡಿಯ ಕೊನೆಯ ಕೋಣೆ ಬೇಡ, ಮೇಲಿನ ಮಹಡಿಯಲ್ಲಿ ಮೆಟ್ಟಿಲಿಗೆ ಹತ್ತಿರದ್ದು ಕೇಳಿ. ಒಳಗೆ ಹೋದ ಕೂಡಲೆ ಚಿಲಕ, ಕಿಟಕಿ, ಬಚ್ಚಲಿನ ಬಾಗಿಲು ನೋಡಿ. ಸರಿಯಿಲ್ಲದಿದ್ದರೆ ಸಂಕೋಚ ಬಿಟ್ಟು ಬೇರೆ ಕೋಣೆ ಕೇಳಿ. ಹಣವನ್ನು ಎರಡು ಕಡೆ ಇಡಿ. ಕತ್ತಿನ ಸರ, ಕೈಬಳೆ ಅಂತ ಚಿನ್ನ ಹೇರಿಕೊಂಡು ಹೋಗಬೇಡಿ. ದಾರಿಯಲ್ಲಿ ಪರಿಚಯವಾದವರಿಗೆ ಊರು ಹೇಳಿ, ಇಳಿದುಕೊಂಡ ಜಾಗ ಹೇಳಬೇಡಿ. ರಾತ್ರಿ ಎಂಟರೊಳಗೆ ಕೋಣೆ ಸೇರಿ, ಹೇಳಿದ ಹೊತ್ತಿಗೆ ಸರಿಯಾಗಿ ಮನೆಗೆ ಫೋನು ಮಾಡಿ. ಆ ಒಂದು ಫೋನು ಮುಂದಿನ ಪ್ರಯಾಣಕ್ಕೆ ದಾರಿ ಮಾಡಿಕೊಡುತ್ತದೆ.

ಅಡುಗೆಮನೆಯ ವ್ಯವಸ್ಥೆ

ಹೊರಡುವ ಹಿಂದಿನ ದಿನ ಇಡೀ ವಾರಕ್ಕಾಗುವಷ್ಟು ಅಡುಗೆ ಮಾಡಿಟ್ಟು ಸುಸ್ತಾಗಿ ಬಸ್ಸು ಹತ್ತಿದರೆ ಪ್ರಯೋಜನವಿಲ್ಲ. ಒಂದು ಪುಳಿಯೋಗರೆ ಗೊಜ್ಜು ಮಾಡಿಟ್ಟರೆ ಸಾಕು. ನೂರು ಗ್ರಾಂ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ರಸ ತೆಗೆಯಿರಿ. ಅರ್ಧ ಬಟ್ಟಲು ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಇಂಗು, ಕರಿಬೇವು ಒಗ್ಗರಣೆ ಹಾಕಿ, ರಸ ಹುಯ್ದು ಚಿಟಿಕೆ ಅರಿಶಿನ ಸೇರಿಸಿ. ಕುದಿದು ಅರ್ಧಕ್ಕೆ ಇಳಿದಾಗ ಅರ್ಧ ಅಚ್ಚು ಬೆಲ್ಲ, ಉಪ್ಪು, ನಾಲ್ಕು ಚಮಚ ಸಾರಿನ ಪುಡಿ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿ. ಕೊನೆಗೆ ಹುರಿದು ಪುಡಿ ಮಾಡಿದ ಎರಡು ಚಮಚ ಎಳ್ಳು, ಸ್ವಲ್ಪ ತುರಿದ ಒಣಕೊಬ್ಬರಿ. ಆರಿದ ಮೇಲೆ ಒದ್ದೆಯಿಲ್ಲದ ಬಾಟಲಿಗೆ ತುಂಬಿ. ಅನ್ನಕ್ಕೆ ಕಲಸಿಕೊಂಡರೆ ಒಂದು ಹೊತ್ತು ಮುಗಿಯಿತು. ಅದರ ಜೊತೆಗೆ ದೋಸೆ ಹಿಟ್ಟು, ಮೊಸರು. ಅನ್ನವನ್ನು ಕುಕ್ಕರಿನಲ್ಲಿ ಯಜಮಾನರೋ ಮಗನೋ ಇಡಲಿ. ಎಷ್ಟು ನೀರು, ಎಷ್ಟು ಕೂಗು ಅಂತ ಒಂದು ವಾರ ಮೊದಲೇ ಹೇಳಿಕೊಡಿ. ಅನ್ನ ಸ್ವಲ್ಪ ಮುದ್ದೆಯಾದರೆ ಆಗಲಿ, ಯಾರೂ ಉಪವಾಸ ಬೀಳುವುದಿಲ್ಲ.

ಮಾತ್ರೆಗಳ ಪಟ್ಟಿ, ಹಾಲಿನವನ ಲೆಕ್ಕ, ಗ್ಯಾಸಿನ ಅಂಗಡಿಯ ಫೋನು, ಇವನ್ನು ಗೋಡೆಗೆ ಅಂಟಿಸಿ. ಆಮೇಲೆ ಆ ಮನೆಯನ್ನು ಎರಡು ದಿನ ಅವರಿಗೇ ಒಪ್ಪಿಸಿಬಿಡಿ. ಗಂಟೆಗೊಂದು ಸಲ "ಕರೆಂಟು ಬಂತಾ? ಬಟ್ಟೆ ಒಳಗೆ ತಂದ್ರಾ?" ಅಂತ ಮೈಸೂರಿನಿಂದ ಕೇಳುತ್ತಿದ್ದರೆ ನೀವು ಹೋದದ್ದು ಕೆರೆದಂಡೆಗಲ್ಲ, ಇನ್ನೂ ಅಡುಗೆಮನೆಯಲ್ಲೇ ಇದ್ದೀರಿ ಅಂತ ಅರ್ಥ!

ಕೆಲವರು ಕೇಳಬಹುದು, ಇದರಿಂದ ಆಗುವ ಲಾಭವೇನು ಅಂತ. ಲಾಭ ಇಷ್ಟೇ: ಪರ ಊರಿನಲ್ಲಿ ಬಸ್ಸು ಹುಡುಕಿ ಹತ್ತುತ್ತೀರಿ, ಕೋಣೆ ನೋಡಿ ಒಪ್ಪುತ್ತೀರಿ, ಹಸಿದಾಗ ಉಣ್ಣುತ್ತೀರಿ, ಸಾಕಾದಾಗ ಏಳುತ್ತೀರಿ. ಎಲ್ಲವನ್ನೂ ನೀವೇ ತೀರ್ಮಾನ ಮಾಡಿ. ನಾಳೆ ಅವಶ್ಯಕತೆ ಬಿದ್ದಾಗ, ಆಸ್ಪತ್ರೆಗೋ ಕಚೇರಿಗೋ ಮಗಳ ಊರಿಗೋ ಒಬ್ಬಳೇ ಓಡಬೇಕಾಗಿ ಬಂದಾಗ, ಈ ಎರಡು ದಿನದ ರೂಢಿ ಕೈ ಹಿಡಿಯುತ್ತದೆ. ಮನೆಯವರಿಗೂ ಒಂದು ಸತ್ಯ ತಿಳಿಯುತ್ತದೆ. ತಾನಾಗಿಯೇ ನಡೆಯುತ್ತಿದೆ ಅಂದುಕೊಂಡಿದ್ದ ಮನೆ, ಯಾರೋ ನಡೆಸುವುದರಿಂದ ನಡೆಯುತ್ತಿದೆ ಅಂತ.

ಮುಂದಿನ ತಿಂಗಳ ಕ್ಯಾಲೆಂಡರು ತೆಗೆಯಿರಿ. ಪಿತೃಪಕ್ಷ, ಪರೀಕ್ಷೆ, ಮುಂಜಿ ಅಂತ ಎಲ್ಲರ ದಿನಗಳಿಗೂ ಅದರಲ್ಲಿ ಗುರುತು ಹಾಕಿರುತ್ತೀರಿ. ನಿಮ್ಮ ಹೆಸರಿನಲ್ಲಿ ಎರಡು ದಿನಕ್ಕೆ ಗುರುತು ಹಾಕಿ. ಹೋಗಿ ಬಂದು ಏನಾಯಿತು ಅಂತ ನಮಗೆ ಬರೆಯಿರಿ. ದೋಸೆ ಹೇಗಿತ್ತು ಅನ್ನುವುದನ್ನೂ ಮರೆಯದೆ ಬರೆಯಿರಿ.